ಗಟ್ಟಿ ಸೇತುವೆಗೆ ಬಂದ ಕೇಡು

ಕೊಚ್ಚಿಯ ಪಾಲಾರಿವಟ್ಟಂ ಮೇಲ್ಸೇತುವೆ ಹತ್ತುವಾಗ ಆಟೋ ಚಾಲಕ ‘ಪಂಚವಡಿ ಪಾಲಂ’ (ಪಾಲಂ ಎಂದರೆ ಸೇತುವೆ) ಎಂದು ನಕ್ಕ. ಅದು ಕೆ.ಜಿ. ಜಾರ್ಜ್ ಅವರ 1984ರ ಸಿನಿಮಾದ ಹೆಸರು ಎಂದು ಗೊತ್ತಿತ್ತು, ನೋಡಿರಲಿಲ್ಲ. ಅಂದು ರಾತ್ರಿ ಲಾಡ್ಜಿನಲ್ಲಿ ಫೋನಿನಲ್ಲೇ ನೋಡಿದೆ. ಇನ್ನೂ ತಲೆಯಿಂದ ಇಳಿದಿಲ್ಲ.

ಐರಾವತಕ್ಕುಳಿ ಎಂಬ ಪಂಚಾಯಿತಿ. ಅಲ್ಲೊಂದು ಸೇತುವೆ. ಅದಕ್ಕೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದೆ. ಆದರೆ ಅಧ್ಯಕ್ಷರ ಹೆಸರು ಶಾಶ್ವತವಾಗಬೇಕಲ್ಲ! ಇದ್ದ ಸೇತುವೆಯನ್ನು ಕೆಡವಿ ಹೊಸದು ಕಟ್ಟೋಣ ಎಂದು ಹಿಂಬಾಲಕನೊಬ್ಬ ಕಿವಿಯೂದುತ್ತಾನೆ. ವಿರೋಧ ಪಕ್ಷ ಬೊಬ್ಬೆ ಹಾಕುತ್ತದೆ, ಪಾಲು ಗಿಟ್ಟಿದ ಮೇಲೆ ತಣ್ಣಗಾಗುತ್ತದೆ. ಇಡೀ ಚಿತ್ರದಲ್ಲಿ ಎದೆ ತಟ್ಟಿ ಭಾಷಣ ಬಿಗಿಯುವ ಒಬ್ಬ ಪ್ರಾಮಾಣಿಕ ನಾಯಕನೂ ಇಲ್ಲ. ನನಗೆ ಇಷ್ಟವಾದದ್ದೇ ಅದು. ಭ್ರಷ್ಟಾಚಾರದ ಮೇಲಿನ ಸಿನಿಮಾಗಳಲ್ಲಿ ಕೊನೆಗೆ ಯಾರೋ ಬಂದು ಎಲ್ಲ ಸರಿಮಾಡಿಬಿಡುವುದನ್ನು ನೋಡಿ ನೋಡಿ ಸಾಕಾಗಿದೆ.

ಇನ್ನು ಹೆಸರುಗಳು! ಅಧ್ಯಕ್ಷ ದುಶ್ಶಾಸನ ಕುರುಪ್, ಹೆಂಡತಿ ಮಂಡೋದರಿ, ಕಿವಿಯೂದುವವನು ಶಿಖಂಡಿ ಪಿಳ್ಳೆ, ಎದುರಾಳಿ ಇಸಹಾಕ್ ತರಗನ್. ಪುರಾಣ, ಬೈಬಲ್ ಎರಡನ್ನೂ ಜಾಲಾಡಿ ನಾಮಕರಣ ಮಾಡಿದ್ದಾರೆ. ಮಗನಿಗೆ ದುಶ್ಶಾಸನ ಎಂದು ಹೆಸರಿಡುವ ತಂದೆ ತಾಯಿ ಎಲ್ಲಾದರೂ ಇದ್ದಾರೆಯೇ? ಆದರೂ ಅರ್ಧ ಗಂಟೆಯಲ್ಲಿ ಆ ಹೆಸರು ವಿಚಿತ್ರ ಅನ್ನಿಸುವುದೇ ಇಲ್ಲ. ಸಂಭಾಷಣೆ ಬರೆದವರು ವ್ಯಂಗ್ಯಚಿತ್ರಕಾರ ಯೇಸುದಾಸನ್ ಎಂದು ತಿಳಿದಾಗ ಒಗಟು ಬಿಡಿಸಿದಂತಾಯಿತು. ಪಾತ್ರಗಳೆಲ್ಲ ಪತ್ರಿಕೆಯ ಕಾರ್ಟೂನಿನಿಂದ ಎದ್ದು ಬಂದವರೇ. ವೇಳೂರ್ ಕೃಷ್ಣನ್‌ಕುಟ್ಟಿಯವರ ಹಾಸ್ಯಕಥೆ ಮೂಲ, ಕ್ಯಾಮೆರಾ ಶಾಜಿ ಎನ್. ಕರುಣ್ ಅವರದು. ‘ಕೊಡಿಯೇಟ್ಟಂ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಭರತ್ ಗೋಪಿ ಇಲ್ಲಿ ಹೊಗಳಿಕೆಗೆ ಉಬ್ಬುವ ಕುರುಪ್. ನೆಡುಮುಡಿ ವೇಣು ಶಿಖಂಡಿ ಪಿಳ್ಳೆಯಾಗಿ ಪಕ್ಕದಲ್ಲೇ ನಿಂತಿರುತ್ತಾರೆ. ಮೊದಲರ್ಧದ ಗದ್ದಲ ಸ್ವಲ್ಪ ಅತಿಯಾಯಿತು, ಮಂಡೋದರಿಯ ಸುತ್ತಲ ಕೆಲವು ತಮಾಷೆಗಳೂ ಹಳಸಿವೆ.

ಈ ಗದ್ದಲದ ನಡುವೆ ನೆಲಮಟ್ಟದಲ್ಲಿ ಓಡಾಡುವವನು ಕಾತವರಾಯನ್. ಚಕ್ರ ಕಟ್ಟಿದ ಹಲಗೆಯ ಮೇಲೆ ಕೂತು, ಕೈಯಿಂದ ನೆಲ ತಳ್ಳುತ್ತಾ ಸಾಗುವ ಅಂಗವಿಕಲ. ಪಾತ್ರಧಾರಿ ಶ್ರೀನಿವಾಸನ್. ಯಾರಿಗೂ ಅವನ ಮತ ಬೇಕಿಲ್ಲ, ಮಾತೂ ಬೇಕಿಲ್ಲ. ಉದ್ಘಾಟನೆಯ ದಿನ ಹೊಸ ಸೇತುವೆ ಕುಸಿಯುತ್ತದೆ. ದೊಡ್ಡವರೆಲ್ಲ ಹೇಗೋ ಪಾರಾಗುತ್ತಾರೆ. ಸಾಯುವವನು ಅವನೊಬ್ಬನೇ. ಅಲ್ಲಿಯವರೆಗೆ ನಗಿಸಿದ್ದ ಜಾರ್ಜ್ ಆ ಕ್ಷಣಕ್ಕೆ ಯಾವ ವಿವರಣೆಯನ್ನೂ ಕೊಡುವುದಿಲ್ಲ.

ಬಿಡುಗಡೆಯಾದಾಗ ಚಿತ್ರ ಓಡಲಿಲ್ಲ. ಹೆಸರು ಮಾತ್ರ ಕೇರಳದ ಬಾಯಲ್ಲಿ ಉಳಿಯಿತು. 2016ರಲ್ಲಿ ಸಂಚಾರಕ್ಕೆ ತೆರೆದ ಪಾಲಾರಿವಟ್ಟಂ ಮೇಲ್ಸೇತುವೆಯನ್ನು ಬಿರುಕು, ದೋಷಗಳ ಕಾರಣಕ್ಕೆ 2019ರಲ್ಲೇ ಮುಚ್ಚಬೇಕಾದಾಗ ಕೇರಳ ಹೈಕೋರ್ಟಿಗೂ ಈ ಸಿನಿಮಾವೇ ನೆನಪಾಯಿತು. ಮಾಜಿ ಲೋಕೋಪಯೋಗಿ ಸಚಿವರ ಬಂಧನವೂ ಆಯಿತು. ಎಂಜಿನಿಯರ್ ಇ. ಶ್ರೀಧರನ್ ಉಸ್ತುವಾರಿಯಲ್ಲಿ ದುರಸ್ತಿಯಾಗಿ 2021ರ ಮಾರ್ಚ್‌ನಲ್ಲಿ ಮತ್ತೆ ತೆರೆಯಿತು. ನಾನು ದಾಟಿದ್ದು ಆ ಹೊಸದನ್ನೇ.

2023ರಲ್ಲಿ ತೀರಿಕೊಂಡ ಜಾರ್ಜ್ ಅವರನ್ನು ಹೆಚ್ಚಿನವರು ನೆನೆಯುವುದು ‘ಯವನಿಕ’ಕ್ಕಾಗಿ. ನನ್ನ ಓಟು ‘ಪಂಚವಡಿ ಪಾಲಂ’ಗೆ. ಇದರ ಮರುವರ್ಷವೇ ಅವರು ‘ಇರಕಳ್’ ಮಾಡಿದರು. ಅದು ಸಿರಿವಂತ ಕುಟುಂಬದಲ್ಲಿ ಹುಟ್ಟಿದ ಕೊಲೆಗಾರನ ಕಥೆ. ಪ್ರಹಸನದ ತಂಟೆಗೆ ಅವರು ಮತ್ತೆ ಹೋಗಲೇ ಇಲ್ಲ.