ಕೆಲಸವಿಲ್ಲದೆ ಕಾಯುವ ಯಂತ್ರ: ದೂರದರ್ಶನ ಪ್ರಸಾರದಲ್ಲಿ ಸ್ವಯಂಚಾಲಿತ ಚೇಂಜ್‌ಓವರ್

ಕಾರ್ಖಾನೆ ನಡೆಸುವವರಿಗೆಲ್ಲ ಚೇಂಜ್‌ಓವರ್ ಸ್ವಿಚ್ ಪರಿಚಿತ. ವಿದ್ಯುತ್ ಹೋದೊಡನೆ ಲೋಡನ್ನು ಜನರೇಟರಿಗೆ ವರ್ಗಾಯಿಸುವುದು ಅದರ ಕೆಲಸ. ದೂರದರ್ಶನ ವಾಹಿನಿಗಳ ಪ್ರಸಾರ ಕೇಂದ್ರಗಳಲ್ಲಿಯೂ ಇದೇ ಹೆಸರಿನ ಸಾಧನವೊಂದಿದೆ. ಪ್ರಧಾನ ಮತ್ತು ಮೀಸಲು ಎಂಬ ಎರಡು ಸಿಗ್ನಲ್‌ಗಳು ಅದರೊಳಗೆ ಬರುತ್ತವೆ. ಒಂದು ಮಾತ್ರ ಹೊರಗೆ ಹೋಗುತ್ತದೆ. ಪ್ರಧಾನ ಸಿಗ್ನಲ್ ಕೆಟ್ಟರೆ ಸಿಬ್ಬಂದಿ ಗುಂಡಿ ಒತ್ತುವ ಮೊದಲೇ ಮೀಸಲು ಸಿಗ್ನಲ್ ಪ್ರಸಾರವಾಗುತ್ತದೆ. ಜಾಹೀರಾತನ್ನು ಸೆಕೆಂಡಿನ ಲೆಕ್ಕದಲ್ಲಿ ಮಾರುವ ಉದ್ಯಮದಲ್ಲಿ ಖಾಲಿ ಪರದೆಯೆಂದರೆ ಹಣ ಒಪ್ಪಿಕೊಂಡು ಸರಕು ತಲುಪಿಸದಂತೆಯೇ.

ವಿದ್ಯುತ್ ಇದೆಯೋ ಇಲ್ಲವೋ ಎಂಬುದನ್ನು ಅರಿಯುವುದು ಸುಲಭ. ಚಿತ್ರ ಸರಿಯಾಗಿದೆಯೇ ಎಂದು ನಿರ್ಣಯಿಸುವುದು ಅಷ್ಟು ಸುಲಭವಲ್ಲ. ಕೇಬಲ್ಲಿನಲ್ಲಿ ಎಚ್‌ಡಿ ಸಿಗ್ನಲ್ ಸೆಕೆಂಡಿಗೆ 1.485 ಗಿಗಾಬಿಟ್ ವೇಗದಲ್ಲಿ ನಿಯಮಬದ್ಧವಾಗಿಯೇ ಹರಿಯುತ್ತಿರಬಹುದು. ಆದರೂ ಪರದೆ ಕಪ್ಪಾಗಿರಬಹುದು, ಚಿತ್ರ ಸ್ತಬ್ಧವಾಗಿರಬಹುದು, ಧ್ವನಿ ಅಡಗಿರಬಹುದು. ಆದುದರಿಂದ ಇಂತಹ ಸ್ಥಿತಿ ಎಷ್ಟು ಸೆಕೆಂಡು ಮುಂದುವರಿದರೆ ದೋಷವೆಂದು ಪರಿಗಣಿಸಬೇಕೆಂಬುದನ್ನು ಬಳಕೆದಾರನೇ ನಿಗದಿಪಡಿಸುತ್ತಾನೆ. ಅವಧಿ ತೀರ ಕಡಿಮೆಯಾದರೆ ಧಾರಾವಾಹಿಯ ಒಂದು ದೀರ್ಘ ಮೌನವೂ ದೋಷವಾಗಿ ಕಂಡೀತು. ಹೆಚ್ಚಾದರೆ ವೀಕ್ಷಕ ಅಷ್ಟರಲ್ಲಿ ಬೇರೆ ವಾಹಿನಿಗೆ ಹೋಗಿರುತ್ತಾನೆ. ಪ್ರಧಾನ ಸಿಗ್ನಲ್ ಬಂದು ಹೋಗಿ ಮಾಡುತ್ತಿದ್ದರೆ ಸ್ವಿಚ್ಚೂ ಅತ್ತಿತ್ತ ತೂಗಾಡುತ್ತದೆ. ಆ ಕಾರಣದಿಂದ, ಮರಳಿ ಪ್ರಧಾನಕ್ಕೆ ತಿರುಗಿಸುವ ಕೆಲಸವನ್ನು ಸಿಬ್ಬಂದಿಯ ಕೈಯಲ್ಲೇ ಉಳಿಸಿಕೊಳ್ಳುವ ವ್ಯವಸ್ಥೆಯೂ ಇರುತ್ತದೆ. ಉತ್ತಮ ಸಾಧನಗಳಲ್ಲಿ ರಿಲೇಯೊಂದಿದ್ದು, ಸಾಧನದ್ದೇ ವಿದ್ಯುತ್ ಹೋದರೂ ಪ್ರಧಾನ ಸಿಗ್ನಲ್ ನೇರವಾಗಿ ಹೊರಗೆ ಸಾಗುತ್ತದೆ. ಖರೀದಿಸುವವರು ಮೊದಲು ವಿಚಾರಿಸಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ಆದರೆ ಸ್ವಿಚ್ ಎಷ್ಟೇ ಜಾಣವಾಗಿರಲಿ, ಅದು ಆರಿಸಬಲ್ಲದ್ದು ತನ್ನಲ್ಲಿಗೆ ಬಂದ ಎರಡರಲ್ಲಿ ಒಂದನ್ನು ಮಾತ್ರ. ಎರಡು ಕೇಬಲ್ಲುಗಳೂ ಒಂದೇ ಕೊಠಡಿಯಿಂದ, ಒಂದೇ ಯುಪಿಎಸ್‌ನ ಆಸರೆಯಲ್ಲಿ ಬರುತ್ತಿದ್ದರೆ ಮೀಸಲು ಎಂಬುದು ಹೆಸರಿಗಷ್ಟೆ. 2021ರ ಸೆಪ್ಟೆಂಬರ್ 25ರಂದು ಲಂಡನ್ನಿನಲ್ಲಿ ರೆಡ್ ಬೀ ಮೀಡಿಯಾ ಸಂಸ್ಥೆಯ ಪ್ರಸಾರ ಕೇಂದ್ರದಲ್ಲಿ ಬೆಂಕಿ ನಂದಿಸುವ ಅನಿಲ ವ್ಯವಸ್ಥೆ ಚಾಲನೆಗೊಂಡಿತು. ಅನಿಲ ಹೊರನುಗ್ಗಿದಾಗ ಎದ್ದ ಶಬ್ದತರಂಗದ ಹೊಡೆತಕ್ಕೆ ಸರ್ವರುಗಳ ಹಾರ್ಡ್ ಡಿಸ್ಕುಗಳು ಹಾಳಾದವು. ಚಾನೆಲ್ 4, ಚಾನೆಲ್ 5 ಮೊದಲಾದ ವಾಹಿನಿಗಳ ಪ್ರಸಾರಕ್ಕೆ ಭಂಗ ಬಂದಿತು. ಚಾನೆಲ್ 4ರಲ್ಲಿ ಶ್ರವಣದೋಷವುಳ್ಳವರಿಗಾಗಿ ನೀಡುವ ಅಡಿಬರಹಗಳು ವಾರಗಟ್ಟಲೆ ಇಲ್ಲವಾದವು; ಅವುಗಳಿಗೆಂದು ಇದ್ದ ಮೀಸಲು ವ್ಯವಸ್ಥೆಯೇ ಕೈಕೊಟ್ಟಿತ್ತು. ಪರವಾನಗಿಯ ಷರತ್ತು ಉಲ್ಲಂಘನೆಯಾಗಿದೆಯೆಂದು ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2022ರಲ್ಲಿ ತೀರ್ಮಾನಿಸಿತು.

ಇನ್ನು ಲೆಕ್ಕದ ಮಾತು. "ವರ್ಷವಿಡೀ ಸುಮ್ಮನಿದ್ದ ಯಂತ್ರಕ್ಕೆ ಸವಕಳಿ ಏಕೆ ಸಾರ್?" ಎಂದು ಕೇಳುವ ಕಕ್ಷಿದಾರರಿದ್ದಾರೆ. 2016ರಲ್ಲಿ ಪರಿಷ್ಕೃತಗೊಂಡ ಅಕೌಂಟಿಂಗ್ ಸ್ಟ್ಯಾಂಡರ್ಡ್ 10ರ ಪ್ರಕಾರ, ಸ್ಥಿರಾಸ್ತಿಯ ಲಕ್ಷಣಗಳಿಗೆ ಹೊಂದುವ ಮೀಸಲು ಉಪಕರಣವೂ ಸ್ಥಿರಾಸ್ತಿಯೇ. ಬಳಕೆಗೆ ಸಿದ್ಧವಾದ ದಿನದಿಂದ ಸವಕಳಿ ಆರಂಭವಾಗುತ್ತದೆ. ಯಂತ್ರ ಸುಮ್ಮನಿದೆಯೆಂಬ ಕಾರಣಕ್ಕೆ ನಿಲ್ಲುವುದಿಲ್ಲ. ಬಳಕೆಯ ಪ್ರಮಾಣಾನುಸಾರ ಸವಕಳಿ ಹಾಕುವ ವಿಧಾನವಾದರೆ ಮಾತು ಬೇರೆ. ಜನರೇಟರಿಗೂ ಮೀಸಲು ಪಂಪಿಗೂ ಇದೇ ನಿಯಮ.

ಹಾಗೆಂದು ಸಿದ್ಧವಾಗಿದೆಯೆಂದು ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಯಂತ್ರ ಸಿದ್ಧವಾಗಿರುವುದಿಲ್ಲ. ಪ್ರಧಾನ ಸಿಗ್ನಲನ್ನು ಬೇಕೆಂದೇ ಕಡಿದು ನೋಡುವ ಪರೀಕ್ಷೆಯನ್ನು ಪ್ರೇಕ್ಷಕರು ವಿರಳವಾಗಿರುವ ನಡುರಾತ್ರಿಯಲ್ಲಿ ನಿಯತವಾಗಿ ನಡೆಸಿ, ದಿನಾಂಕ ಸಹಿತ ದಾಖಲಿಸಿಡಬೇಕು. ಲೆಕ್ಕಪರಿಶೋಧನೆಗೆ ಹೋದಾಗ ನಾನು ಮೀಸಲು ಯಂತ್ರಗಳ ಇಂತಹ ಪುಸ್ತಕವನ್ನು ಕೇಳುವುದುಂಟು. ಅನೇಕ ಕಡೆ ಖರೀದಿಯ ಬಿಲ್ಲನ್ನಷ್ಟೇ ತಂದು ತೋರಿಸುತ್ತಾರೆ.