ರಕ್ತ ಸರಿಯಿದ್ದರೂ ಬೆನ್ನುಹುರಿ ಸೊರಗಬಹುದು

ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ಮೈ ತೂಗಾಡುತ್ತದೆ, ಕತ್ತಲಲ್ಲಿ ನಡೆದರೆ ಕಾಲಡಿ ಹತ್ತಿ ಹಾಸಿದಂತಿರುತ್ತದೆ, ಚಪ್ಪಲಿ ಕಳಚಿಹೋದದ್ದೂ ತಿಳಿಯುವುದಿಲ್ಲ. ಇದನ್ನು ವಯಸ್ಸಿನ ತಲೆಗೆ, ಕೆಲವೊಮ್ಮೆ ಗ್ರಹಚಾರದ ತಲೆಗೂ ಕಟ್ಟುವವರಿದ್ದಾರೆ. ಬೆನ್ನುಹುರಿಯ ಕಡೆ ನೋಡುವವರು ಕಡಿಮೆ. ಕಾಲು ಎಲ್ಲಿದೆ, ಹೇಗೆ ಮಡಚಿದೆ ಎಂಬ ಸುದ್ದಿ ಮಿದುಳಿಗೆ ಏರುವುದು ಬೆನ್ನುಹುರಿಯ ಹಿಂಭಾಗದ ನರತಂತುಗಳ ಮೂಲಕ. ಬಿ12 ಜೀವಸತ್ವ ಬರಿದಾದಾಗ ಆ ತಂತುಗಳ ಮಯೆಲಿನ್ ಹೊದಿಕೆ ಮೊದಲು ಊದಿಕೊಳ್ಳುತ್ತದೆ, ಆಮೇಲೆ ಕಳಚುತ್ತದೆ. ಕಣ್ಣು ತೆರೆದಿರುವಷ್ಟು ಹೊತ್ತು ನೋಟವೇ ಆ ಕೊರತೆಯನ್ನು ತುಂಬಿಕೊಡುತ್ತದೆ. ಮುಚ್ಚಿದಾಗಲೇ ಗುಟ್ಟು ಬಯಲಾಗುವುದು. ಎಷ್ಟು ಅಚ್ಚರಿಯ ಏರ್ಪಾಡು! 1900ರಲ್ಲಿ ಲಂಡನ್ನಿನ ರಸೆಲ್, ಬ್ಯಾಟನ್, ಕೋಲಿಯರ್ ಎಂಬ ವೈದ್ಯರು ಈ ಕಾಯಿಲೆಯನ್ನು ವಿವರವಾಗಿ ಬರೆದಿಟ್ಟರು. ಬಿ12 ಹರಳಾಗಿ ಕೈಗೆ ಸಿಕ್ಕಿದ್ದು 1948ರಲ್ಲಿ.

‘ಹಿಮೋಗ್ಲೋಬಿನ್ ಚೆನ್ನಾಗಿದೆ, ಸೊಪ್ಪು ಧಾರಾಳ ತಿನ್ನುತ್ತೇವೆ, ನಮಗೇಕೆ ಇದು’ ಎಂಬ ನಂಬಿಕೆ ಮೊದಲು ಹೋಗಬೇಕು. ಸೊಪ್ಪಿನಲ್ಲಿರುವುದು ಫೋಲೇಟ್, ಬಿ12 ಅಲ್ಲ. ರಕ್ತಕಣಗಳು ಹುಟ್ಟಲು ಎರಡೂ ಬೇಕು. ಆದರೆ ಬಿ12 ಇಲ್ಲದವರಿಗೆ ಫೋಲಿಕ್ ಆಮ್ಲದ ಗುಳಿಗೆ ಕೊಟ್ಟರೆ ರಕ್ತ ಚೇತರಿಸಿಕೊಳ್ಳುತ್ತದೆ, ನರಗಳ ಸವೆತ ಮಾತ್ರ ಮುಂದುವರಿಯುತ್ತದೆ. 1940ರ ದಶಕದ ವೈದ್ಯರು ಇದನ್ನು ಕಣ್ಣಾರೆ ಕಂಡರು. 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಿ12 ಕೊರತೆಯಿಂದ ನರ ಅಥವಾ ಮನಸ್ಸಿನ ತೊಂದರೆಗೊಳಗಾಗಿದ್ದ 141 ಜನರಿದ್ದರು. ಅವರಲ್ಲಿ 19 ಮಂದಿಗೆ ರಕ್ತಹೀನತೆಯೂ ಇರಲಿಲ್ಲ, ರಕ್ತಕಣಗಳು ದೊಡ್ಡದಾಗಿಯೂ ಇರಲಿಲ್ಲ.

ನಮ್ಮ ಹಿರಿಯರು ಸಸ್ಯಾಹಾರದಲ್ಲೇ ಬಾಳಿದರಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಿ12 ತಯಾರಿಸುವುದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಸೂಕ್ಷ್ಮಜೀವಿಗಳು ಮಾತ್ರ. ಹಸುವಿನ ಹೊಟ್ಟೆಯಲ್ಲಿ ಅವು ಮಾಡಿಟ್ಟದ್ದು ಹಾಲು ಮೊಸರಿನ ಮೂಲಕ ಹಿರಿಯರ ಊಟಕ್ಕೆ ಬರುತ್ತಿತ್ತು. ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂನ ಆಸುಪಾಸು. ಯಕೃತ್ತಿನ ದಾಸ್ತಾನು ಮಿಲಿಗ್ರಾಂಗಳ ಲೆಕ್ಕದ್ದು. ಹೀಗಾಗಿ ಹಾಲು ಬಿಟ್ಟವರಿಗೂ ವರ್ಷಗಟ್ಟಲೆ ಏನೂ ಆಗದಿರಬಹುದು, ಮೋಸ ಇರುವುದೇ ಅಲ್ಲಿ. ಇನ್ನು ಮಾಂಸ ತಿನ್ನುವವರೂ ನಿಶ್ಚಿಂತರಲ್ಲ: ಜಠರ ಸ್ರವಿಸುವ ಒಂದು ಪ್ರೋಟೀನಿನ ನೆರವಿಲ್ಲದೆ ಬಿ12 ಸರಿಯಾಗಿ ಕರುಳಿನಿಂದ ರಕ್ತಕ್ಕೆ ಸೇರದು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ನುಂಗುವ ಮೆಟ್‌ಫಾರ್ಮಿನ್ ಕೂಡ ಅದರ ಮಟ್ಟವನ್ನು ಇಳಿಸಬಲ್ಲದು. ಆದ್ದರಿಂದ ಪಾದದ ಜೋಮು ದಿನಗಟ್ಟಲೆ ಬಿಡದಿದ್ದರೆ ಹಿಮೋಗ್ಲೋಬಿನ್ ಚೀಟಿ ನೋಡಿ ಸಮಾಧಾನಪಟ್ಟು ಕೂರಬಾರದು. ವೈದ್ಯರು ಮಿಡಿಯುವ ಶ್ರುತಿಕವೆಯನ್ನು ಕಾಲ ಹೆಬ್ಬೆರಳಿಗೆ ತಾಗಿಸಿ ಕಂಪನ ತಿಳಿಯುತ್ತದೆಯೇ ಎಂದು ಕೇಳಲಿ, ಬಿ12 ಮಟ್ಟವನ್ನೂ ಅಳೆಸಲಿ. ಬೇಗ ಚುಚ್ಚುಮದ್ದು ಸಿಕ್ಕ ನರಗಳು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ವರ್ಷಗಟ್ಟಲೆ ಸವೆದವು ಪೂರ್ತಿ ಮರಳುವುದು ಅಪರೂಪ.