ಪ್ರಭಾತ್ ಅಂಗಳದ ಸಿನಿಮಾ ಶಾಲೆ

ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ. ಹುಂಜ ಕೂಗದ ಊರಿನಲ್ಲಿ ಸೂರ್ಯನೇ ಹುಟ್ಟುವುದಿಲ್ಲ. ಕನ್ನಡ ಜಾನಪದದ ಈ ಕಥೆ 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಪರದೆಯ ಮೇಲೆ ಕನ್ನಡದಲ್ಲೇ ಮೂಡಿತು. ಅಲ್ಲಿನ ವಿದ್ಯಾರ್ಥಿ ಚಿತ್ರಗಳ ವಿಭಾಗ ‘ಲಾ ಸಿನೆಫ್’ಗೆ ಜಗತ್ತಿನ 555 ಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ ಆಯ್ಕೆಯಾದವು 18. ಮೊದಲ ಬಹುಮಾನ ಸಂದದ್ದು ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಈ ಪುಟ್ಟ ಕನ್ನಡ ಚಿತ್ರಕ್ಕೆ. ನಿರ್ದೇಶಕ, ಮೈಸೂರಿನ ಚಿದಾನಂದ ಎಸ್. ನಾಯ್ಕ್, ವೈದ್ಯಕೀಯ ಓದಿ ಸಿನಿಮಾದತ್ತ ಹೊರಳಿದವರು. ಪುಣೆಯ ಎಫ್‌ಟಿಐಐಯ ಟೆಲಿವಿಷನ್ ವಿಭಾಗದಲ್ಲಿ, ಒಂದು ವರ್ಷದ ಕೋರ್ಸಿನ ಕೊನೆಯ ಅಭ್ಯಾಸವಾಗಿ ಮಾಡಿದ ಚಿತ್ರವಿದು.

ಎಫ್‌ಟಿಐಐ, ಅಂದರೆ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ, ಇರುವುದು ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿ, ಒಂದು ಕಾಲದ ಪ್ರಭಾತ್ ಫಿಲ್ಮ್ ಕಂಪನಿಯ ಅಂಗಳದಲ್ಲಿ. ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿದ ಪ್ರಭಾತ್ 1933ರಲ್ಲಿ ಪುಣೆಗೆ ಬಂತು. ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆದ ‘ಸಂತ ತುಕಾರಾಂ’ ತಯಾರಾದದ್ದು ಇಲ್ಲೇ. ಕಂಪನಿ ಮುಚ್ಚಿದ ಮೇಲೆ ಕೇಂದ್ರ ಸರ್ಕಾರ 1960ರಲ್ಲಿ ಇಲ್ಲಿ ಸಿನಿಮಾ ಶಾಲೆ ತೆರೆಯಿತು. 1974ರಲ್ಲಿ ದೆಹಲಿಯ ಟೆಲಿವಿಷನ್ ತರಬೇತಿ ವಿಭಾಗವೂ ಬಂದು ಸೇರಿತು. 2025ರಲ್ಲಿ ಸಂಸ್ಥೆಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ದೊರೆತಿದೆ.

ಇಲ್ಲಿ ಪಾಠ ನಡೆಯುವುದು ಕೆಲಸದ ಮೂಲಕ. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ, ಕಲಾ ನಿರ್ದೇಶನ ಎಂದು ವಿಭಾಗಗಳು ಬೇರೆಬೇರೆ. ಆದರೆ ಚಿತ್ರ ಮಾಡುವ ಹೊತ್ತಿಗೆ ಪ್ರತಿ ವಿಭಾಗದಿಂದ ಒಬ್ಬೊಬ್ಬರು ಸೇರಿ ಒಂದು ತಂಡವಾಗಬೇಕು. ನಿರ್ದೇಶಕ ಬಯಸಿದ ಶಾಟ್‌ಗೆ ಬೆಳಕು ಸಾಲದು ಎಂದು ಛಾಯಾಗ್ರಾಹಕ ಹೇಳುತ್ತಾನೆ. ಆ ಶಾಟೇ ಬೇಡವಾಗಿತ್ತು ಎಂದು ಎಡಿಟಿಂಗ್ ಟೇಬಲ್ ಮುಂದೆ ಕುಳಿತವಳು ತೋರಿಸಿಕೊಡುತ್ತಾಳೆ. ಈ ವಾದ ವಾಗ್ವಾದಗಳಲ್ಲೇ ಕಸುಬು ಕೈಗೆ ಹತ್ತುತ್ತದೆ. ಚಿದಾನಂದ ಅವರ ಚಿತ್ರವೂ ನಾಲ್ಕು ವಿಭಾಗಗಳ ನಾಲ್ವರು ವಿದ್ಯಾರ್ಥಿಗಳ ಕೆಲಸ. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿನ. ಬಹುಮಾನ ಬಂದಾಗ ನಿರ್ದೇಶಕನ ಹೆಸರು ಮುಂದೆ ಬರುತ್ತದೆ, ನಿಜ. ಆದರೆ ಧ್ವನಿ ಮಿಶ್ರಣಕ್ಕೆ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಕೂಡ ಇದೇ ಶಾಲೆಯಲ್ಲಿ ಕಲಿತವರು. ತೆರೆಯ ಹಿಂದಿನ ಪ್ರತಿ ಕೆಲಸಕ್ಕೂ ಸಮಾನ ಗೌರವ ಕೊಡುವುದನ್ನು ಈ ಶಾಲೆ ಕಲಿಸುತ್ತದೆ.

ಕನ್ನಡಕ್ಕೂ ಪುಣೆಗೂ ಇರುವ ನಂಟು ಹಳೆಯದು. ಗಿರೀಶ ಕಾರ್ನಾಡರು 1974–75ರಲ್ಲಿ ಈ ಸಂಸ್ಥೆಯ ನಿರ್ದೇಶಕರಾಗಿದ್ದರು, ಯು.ಆರ್. ಅನಂತಮೂರ್ತಿ ಎರಡು ಬಾರಿ ಅಧ್ಯಕ್ಷರಾದರು. ಮಣಿಪಾಲದಲ್ಲಿ ಫಾರ್ಮಸಿ ಓದಿದ ಗಿರೀಶ ಕಾಸರವಳ್ಳಿ ಇಲ್ಲಿಗೆ ಬಂದು 1975ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ಅವರ ಡಿಪ್ಲೊಮಾ ಚಿತ್ರ ‘ಅವಶೇಷ’ಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ಅವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ 1977ರ ಸ್ವರ್ಣಕಮಲ ಗೆದ್ದಿತು.

ಆ ಚಿತ್ರದ ಮೂಲ ನೆಗೆಟಿವ್ ಉಳಿದದ್ದೂ ಪುಣೆಯಲ್ಲೇ. 1964ರಲ್ಲಿ ಆರಂಭವಾದ, ಲಾ ಕಾಲೇಜ್ ರಸ್ತೆಯಲ್ಲೇ ಇರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅದನ್ನು ಕಾಪಾಡಿತ್ತು. ಹಾಗಾಗಿಯೇ ಪುನರುಜ್ಜೀವನಗೊಂಡ ‘ಘಟಶ್ರಾದ್ಧ’ವನ್ನು 2024ರಲ್ಲಿ ವೆನಿಸ್‌ನ ಪ್ರೇಕ್ಷಕರು ನೋಡುವಂತಾಯಿತು. ಈ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ಅವರು ಮತ್ತು ಸಂಸ್ಥೆಯಲ್ಲಿ ಚಿತ್ರ ರಸಗ್ರಹಣ ಕಲಿಸುತ್ತಿದ್ದ ಪ್ರೊ. ಸತೀಶ್ ಬಹದ್ದೂರ್ ಜಗತ್ತಿನ ಶ್ರೇಷ್ಠ ಚಿತ್ರಗಳು ನಮ್ಮ ಹೆಗ್ಗೋಡಿಗೂ ತಲುಪಲು ನೆರವಾದರು. ಅಲ್ಲಿನ ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಂನಲ್ಲಿ ಮಲೆನಾಡಿನ ರೈತರು ಕೂತು ಜಪಾನಿನ, ಇಟಲಿಯ ಚಿತ್ರಗಳನ್ನು ನೋಡಿದರು. ಸರ್ಕಾರಿ ದುಡ್ಡಿನಲ್ಲಿ ನಡೆಯುವ ಸಂಸ್ಥೆ ನಾಡಿಗೆ ಹಿಂತಿರುಗಿಸಬೇಕಾದದ್ದು ಇಂಥದ್ದನ್ನೇ.

ಕ್ಯಾಮೆರಾ ಈಗ ಎಲ್ಲರ ಕೈಯಲ್ಲಿದೆ, ಶಾಲೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಚಿತ್ರ ತೆಗೆಯುವುದು ಸುಲಭವಾಗಿದೆ, ಒಪ್ಪೋಣ. ಆದರೆ ಒಂದು ದೃಶ್ಯವನ್ನು ಏಕೆ ಹಾಗೆ ತೆಗೆಯಬೇಕು ಎಂದು ಜೊತೆಗಾರರೊಡನೆ ತಿಂಗಳುಗಟ್ಟಲೆ ಚರ್ಚಿಸುವ ಅವಕಾಶ, ಸೋತರೆ ಯಾವ ನಿರ್ಮಾಪಕನೂ ದಿವಾಳಿಯಾಗದ ಸ್ವಾತಂತ್ರ್ಯ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಸ್ವಂತ ಬಂಡವಾಳವಿಲ್ಲದ, ಚಿತ್ರರಂಗದಲ್ಲಿ ನೆಂಟರಿಲ್ಲದ ಯುವಕ ಯುವತಿಯರಿಗೆ ಸಾರ್ವಜನಿಕ ಸಂಸ್ಥೆಯೇ ದಾರಿ.

ನಿರ್ದೇಶನ, ಛಾಯಾಗ್ರಹಣದಂಥ ಮುಖ್ಯ ಕೋರ್ಸುಗಳಿಗೆ ಸೇರಲು ಸಿನಿಮಾ ಹಿನ್ನೆಲೆ ಬೇಕಿಲ್ಲ; ಪದವಿ ಮುಗಿಸಿರಬೇಕು, ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ ದಾಟಬೇಕು. ಸೀಟುಗಳು ಕಡಿಮೆ, ಸ್ಪರ್ಧೆ ಬಿರುಸು. ಆದರೂ ಕಲಬುರಗಿ, ಚಾಮರಾಜನಗರ, ಕಾಸರಗೋಡಿನ ಕಾಲೇಜುಗಳಲ್ಲಿ ಓದುತ್ತಿರುವ ಸಿನಿಮಾ ಹುಚ್ಚಿನ ಹುಡುಗ ಹುಡುಗಿಯರು ಈ ಪರೀಕ್ಷೆ ಬರೆಯಬೇಕು. ಅಧ್ಯಾಪಕರು ಅವರಿಗೆ ಈ ವಿಷಯ ತಿಳಿಸಬೇಕು, ಮನೆಯವರು ಬೆನ್ನು ತಟ್ಟಿ ಕಳಿಸಬೇಕು. ಕನ್ನಡದಲ್ಲಿ ಕಥೆಗಳಿಗೆ ಬರವಿಲ್ಲ; ಅವನ್ನು ತೆರೆಗೆ ತರುವ ಕಸುಬು ಕಲಿತವರು ಇನ್ನಷ್ಟು ಮಂದಿ ಬೇಕು.